ರಸ್ತೆ ಯಾರದು? ಚವದಾರ ಕೆರೆಯಿಂದ ನಮ್ಮ ಕೇರಿ ಗಟಾರದ ತನಕ



ಹೋದ ವಾರ ನಮ್ಮ ಗುಂಪಿನೊಳಗ ಒಬ್ಬ ತಮ್ಮ ಕೇಳಿದ: "ಅಣ್ಣಾ, ತಗ್ಗು, ಗಟಾರ, ಹಂಪು ಅಂತ ಪಂಚಾಯಿತಿ ಬಾಗಿಲು ಕಾಯೋದು ಅಂಬೇಡ್ಕರ್ ಚಳವಳಿ ಹ್ಯಾಂಗ ಆಗತೈತಿ? ಅದು ಮೆಂಬರ್ ಮಾಡೋ ಕೆಲಸ. ನಾವು ಸಂವಿಧಾನದ ಬಗ್ಗೆ ಮಾತಾಡೋಣು." ಕೇಳಿದ್ದು ಒಳ್ಳೇದಾತು. ಇದೇ ಪ್ರಶ್ನೆ ಬಾಳ ಮಂದಿ ಮನಸ್ಸಿನಾಗ ಐತಿ, ಬಾಯಿ ಬಿಟ್ಟು ಕೇಳೂದಿಲ್ಲ. ಉತ್ತರ ಸ್ವಲ್ಪ ಉದ್ದ ಐತಿ, ಯಾಕಂದ್ರ ನೂರೈವತ್ತು ವರ್ಷ ಹಿಂದಿನಿಂದ ಹೇಳಬೇಕು. ಪುರುಸೊತ್ತು ಮಾಡ್ಕೊಂಡು ಓದ್ರಿ.

ನನ್ನ ಮಾತು ಮೊದಲಿಗೇ ಹೇಳಿಬಿಡತೀನಿ. ರಸ್ತೆ ಸಾರ್ವಜನಿಕ ರೊಕ್ಕದಿಂದ ಆಗೈತಿ, ಅದನ್ನ ನೋಡಿಕೊಳ್ಳೋದು ಕಾಯ್ದೆಯಿಂದ ಹುಟ್ಟಿದ ಒಂದು ಮಂಡಳಿ. ಈ ಕಾರಣದ ಮೇಲೆಯೇ ನಮ್ಮ ಹಿರಿಯರು ರಸ್ತೆಯ ಹಕ್ಕು, ಕೆರೆಯ ಹಕ್ಕು ಗೆದ್ದದ್ದು. ಹಂಗಾದ್ರ ಆ ಮಂಡಳಿ ರೊಕ್ಕ ಎಲ್ಲಿ ಹಾಕಿತು, ರಸ್ತೆ ಎಲ್ಲಿಗೆ ನಿಲ್ಲಿಸಿತು ಅಂತ ಕೇಳೋದೂ ಅದೇ ಹೋರಾಟದ ಮುಂದಿನ ಭಾಗ. ಬ್ಯಾರೆ ಹೋರಾಟ ಅಲ್ಲ.

ಹಾದಿ ಕಾಯೋದು ನಮ್ಮ ಪಾಲು

ಪೇಶ್ವೆಗಳ ಕಾಲದಾಗ ಪುಣೆಯ ಬೀದಿಯೊಳಗ ಅಸ್ಪೃಶ್ಯರು ಸೊಂಟಕ್ಕ ಕಸಬರಿಗೆ ಕಟ್ಟಿಕೊಂಡು ತಮ್ಮ ಹೆಜ್ಜೆ ತಾವೇ ಅಳಿಸ್ಕೊಂತ ಹೋಗಬೇಕಿತ್ತು, ಉಗುಳು ನೆಲಕ್ಕ ಬೀಳಬಾರದಂತ ಕೊರಳಿಗೆ ಗಡಿಗೆ ಕಟ್ಟಬೇಕಿತ್ತು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಪುಣೆ ನಮಗೇನು ದೂರ ಅಲ್ಲ. ನಿಪ್ಪಾಣಿಯ ದೇಸಾಯರು ಪೇಶ್ವೆಯ ಸರದಾರರಾಗಿದ್ದವರು. ನಮ್ಮ ಸೀಮಿ ಆ ರಾಜ್ಯದ ನೆರಳಿನಾಗ ಬೆಳೆದ ಸೀಮಿ.

ಆದರೆ ವಿಚಿತ್ರ ನೋಡ್ರಿ. ರಸ್ತೆ ಮೇಲೆ ನಡೆಯೋಕೆ ಯಾರಿಗೆ ಹಕ್ಕಿರಲಿಲ್ಲವೋ, ರಸ್ತೆ ಕಾಯೋ ಕೆಲಸ ಅವರ ತಲೆ ಮೇಲೇ ಇತ್ತು. ಮಹಾರ ವತನ, ಕುಳವಾಡಿಕೆ ಅಂತ ಏನ ಹೆಸರು ಕರೆದರೂ ಚಾಕರಿ ಒಂದೇ. ಸರ್ಕಾರಿ ಟಪಾಲು ಒಯ್ಯೋದು, ಪಟ್ಟಿ ರೊಕ್ಕದ ಜೋಡಿ ತಾಲೂಕಾ ಠಾಣೆಗೆ ನಡೆಯೋದು, ಸಾಹೇಬರು ಬಂದರೆ ಮುಂದಿನ ಊರಿನ ತನಕ ಹಾದಿ ತೋರಿಸೋದು, ಸೀಮಿ ಕಲ್ಲು ಎಲ್ಲಿ ಐತಿ ಅಂತ ಹೇಳೋದು, ಅಗಸಿ ಕಾಯೋದು, ಬೀದಿಯಾಗ ಸತ್ತ ದನ ಎಳೆಯೋದು. ಊರಿನ ಒಂದೊಂದು ಕಾಲುದಾರಿಯ ಲೆಕ್ಕ ನಮ್ಮ ಮುತ್ಯಾಗಳ ತಲೆಯಾಗ ಇತ್ತು. ಊರೊಳಗಿನ ಓಣಿಯಾಗ ಮಾತ್ರ ಚಪ್ಪಲಿ ಕೈಯಾಗ ಹಿಡಕೊಂಡು ನಡೆಯಬೇಕಿತ್ತು.

ಈ ಚಾಕರಿಗೆ ಬ್ರಿಟಿಷರು 1874ರ ಮುಂಬೈ ವತನ ಕಾಯ್ದೆಯೊಳಗ ಕಾನೂನಿನ ಮುದ್ರೆ ಒತ್ತಿದರು. ಇದನ್ನ ಬದಲಿಸೋಕೆ ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ಅದು ಪಾಸಾಗಲಿಲ್ಲ. ನೆರೆಯ ಕೊಲ್ಹಾಪುರದಾಗ ಶಾಹೂ ಮಹಾರಾಜರು 1918ರಲ್ಲೇ ತಮ್ಮ ಸಂಸ್ಥಾನದ ಮಹಾರ ವತನ ತೆಗೆದುಹಾಕಿದ್ದರು. ನಮ್ಮ ಕಡೆ ಅದು ಕಾಗದದ ಮೇಲೆ ಹೋಗೋಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬರಬೇಕಾಯಿತು, ಅದು ಜಾರಿ ಆದದ್ದು 1963ರಲ್ಲಿ. ಕೊಲ್ಹಾಪುರಕ್ಕೂ ನಮಗೂ ನಡುವೆ ಒಂದು ತಾಸಿನ ಹಾದಿ. ಆ ಹಾದಿ ದಾಟೋಕೆ ನಲವತ್ತೈದು ವರ್ಷ ಹಿಡಿಯಿತು.

ಖಡಿ ಒಡೆದವರು, ಖುರ್ಚಿ ಮೇಲೆ ಕುಂತವರು

ಈಗ ರಸ್ತೆ ರೊಕ್ಕದ ಕಥೆಗೆ ಬರೋಣ. 1869ರಲ್ಲಿ ಮುಂಬೈ ಸರ್ಕಾರ ಲೋಕಲ್ ಫಂಡ್ ಕಾಯ್ದೆ ಮಾಡಿತು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚಿನ ಪಟ್ಟಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಶಾಲೆಗೆ. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತದಾಗ ಇತ್ತು, ಆದ್ದರಿಂದ ನಮ್ಮ ಕಡೆಯ ಹಳ್ಳಿ ರಸ್ತೆಗಳ ಬೇರು ಈ ಒಂದಾಣೆಯಲ್ಲಿ ಐತಿ. ಹೊಲದಾಗ ದುಡಿದ ಕೂಲಿಯವರ ಬೆವರು ಸೇರದೆ ಆ ಕಂದಾಯ ಹುಟ್ಟುತ್ತಿರಲಿಲ್ಲ ಅನ್ನೋದನ್ನ ಬ್ಯಾರೆ ಹೇಳಬೇಕಾಗಿಲ್ಲ.

1876-78ರ ಬರ ಬಂತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಿಗೆ ಜೋರು ಹೊಡೆತ ಬಿತ್ತು. ಬರಗಾಲದ ಕಾಮಗಾರಿ ಅಂದರೆ ಹೆಚ್ಚಾಗಿ ಕೆರೆ ಮತ್ತು ರಸ್ತೆ. 1877ರ ಆರಂಭದಾಗ ಸರ್ ರಿಚರ್ಡ್ ಟೆಂಪಲ್ ಹಸಿದ ಮಂದಿಯ ಕೂಲಿಯನ್ನೇ ಇಳಿಸಿದ. ದಿನಕ್ಕ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ. ಆ ಕೂಲಿ ಒಲ್ಲೆವು ಅಂತ ದಖ್ಖನದ ಕಡೆ ಸಾವಿರಾರು ಮಂದಿ ಕಾಮಗಾರಿ ಬಿಟ್ಟು ಹೊರನಡೆದರು. ನಮ್ಮ ಇತಿಹಾಸದ ಪುಸ್ತಕದಾಗ ಇದನ್ನ ಮುಷ್ಕರ ಅಂತ ಕಲಿಸೂದಿಲ್ಲ. ಬರಗಾಲದಾಗ ಹೊಲ ಇಲ್ಲದವರು, ಕಾಳಿನ ಹಗೇವು ಇಲ್ಲದವರು ಮೊದಲು ಖಡಿ ಒಡೆಯೋಕೆ ಬರತಾರ. ಅವರೊಳಗ ನಮ್ಮವರು ಎಷ್ಟಿದ್ದಿರಬೇಕು ಅನ್ನೋದನ್ನ ನೀವೇ ಅಂದಾಜು ಮಾಡ್ರಿ.

ಆ ರಸ್ತೆ ನೋಡಿಕೊಳ್ಳೋಕೆ ಯಾರು ಕುಂತರು? 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ಠರಾವು ಮಾಡಿದ. ಅದರ ಬೆನ್ನಿಗೇ 1884ರಲ್ಲಿ ಮುಂಬೈ ಲೋಕಲ್ ಬೋರ್ಡ್ ಕಾಯ್ದೆ ಬಂತು. ಜಿಲ್ಲಾ ಬೋರ್ಡು, ತಾಲೂಕಾ ಬೋರ್ಡು ಹುಟ್ಟಿದವು. ಮತದ ಹಕ್ಕು ಆಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ. ಇನಾಮದಾರರು, ವಕೀಲರು, ಸಾಹುಕಾರರು ಖುರ್ಚಿ ಮೇಲೆ ಕುಂತರು. ಯಾವ ರಸ್ತೆಗೆ ಮುರುಮ್ ಹಾಕಬೇಕು, ಯಾವ ಹಳ್ಳಕ್ಕ ಮೋರಿ ಕಟ್ಟಬೇಕು ಅಂತ ಠರಾವು ಮಾಡೋರು ಅವರು. ಖಡಿ ಒಡೆದವರಿಗೆ ಆ ಕೋಣೆಯಾಗ ಜಾಗ ಇರಲಿಲ್ಲ.

ಹಾಳೆ ಮೇಲಿನ ಠರಾವು, ನೆಲದ ಮೇಲಿನ ನೀರು

ಈ ಬೋರ್ಡುಗಳೊಳಗೇ ನಮಗೆ ಒಂದು ಕಿಂಡಿ ಇತ್ತು. ಅದನ್ನ ಮೊದಲು ಗುರುತಿಸಿದವರೊಳಗ ಒಬ್ಬರು ಸೀತಾರಾಮ ಕೇಶವ ಬೋಲೆ. 1923ರ ಆಗಸ್ಟ್ 4ರಂದು ಅವರು ಮುಂಬೈ ವಿಧಾನ ಪರಿಷತ್ತಿನಲ್ಲಿ ಒಂದು ಠರಾವು ಪಾಸು ಮಾಡಿಸಿದರು. ಸಾರ್ವಜನಿಕ ರೊಕ್ಕದಿಂದ ಕಟ್ಟಿದ, ನಡೆಸಿಕೊಂಡು ಹೋಗುವ, ಇಲ್ಲವೇ ಕಾಯ್ದೆಯಿಂದ ಹುಟ್ಟಿದ ಮಂಡಳಿಗಳ ಕೈಯಲ್ಲಿರುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು, ಸರ್ಕಾರಿ ಶಾಲೆ, ಕೋರ್ಟು, ಕಚೇರಿ, ದವಾಖಾನೆ ಕೂಡ ಅಂತ.

ಈ ಠರಾವಿನ ತರ್ಕ ಸರಿಯಾಗಿ ನೋಡ್ರಿ. ಕರುಣೆ ಇಟ್ಟು ಬಿಡ್ರಿ ಅಂತ ಅದು ಕೇಳಲಿಲ್ಲ. ರೊಕ್ಕ ಯಾರದು, ನಡೆಸೋರು ಯಾರು ಅಂತ ಕೇಳಿತು. ರೊಕ್ಕ ಸಾರ್ವಜನಿಕರದು ಆದರೆ ಜಾಗವೂ ಸಾರ್ವಜನಿಕರದು. ಅಷ್ಟೇ.

ಮಹಾಡ ಪುರಸಭೆ 1924ರಲ್ಲಿ ಇದನ್ನ ಒಪ್ಪಿ ಚವದಾರ ಕೆರೆ ಎಲ್ಲರಿಗೂ ತೆರೆದೈತಿ ಅಂತ ಠರಾವು ಮಾಡಿತು. ಆದರೆ ಠರಾವು ಪುಸ್ತಕದಾಗ ಉಳಿಯಿತು. ಮೂರು ವರ್ಷ ಯಾರೂ ನೀರು ಮುಟ್ಟಲಿಲ್ಲ, ಮುಟ್ಟೋ ಹಂಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಮಂದಿ ಜೋಡಿ ನಡೆದು ಹೋಗಿ ಆ ನೀರು ಕುಡಿದರು. ಅದರ ನಂತರ ಏನಾಯಿತು? ಅದೇ ವರ್ಷ ಆಗಸ್ಟಿನಾಗ ಪುರಸಭೆ ತನ್ನ ಠರಾವು ತಾನೇ ವಾಪಸ್ ತೆಗೆದುಕೊಂಡಿತು. ಡಿಸೆಂಬರಿನಾಗ ಸವರ್ಣರು ಕೋರ್ಟಿಗೆ ಹೋಗಿ ಕೆರೆ ಖಾಸಗಿ ಅಂದರು. ಹತ್ತು ವರ್ಷ ಕೇಸು ನಡೆಯಿತು. 1937ರ ಮಾರ್ಚಿನಲ್ಲಿ ಮುಂಬೈ ಹೈಕೋರ್ಟು ತೀರ್ಪು ಕೊಟ್ಟಿತು: ಕೆರೆ ಪುರಸಭೆಯದು, ಅಸ್ಪೃಶ್ಯರನ್ನ ದೂರ ಇಡೋ ಅನಾದಿ ರೂಢಿ ಇತ್ತು ಅನ್ನೋದು ಸಾಬೀತಾಗಿಲ್ಲ.

ನಾವು ಮಾರ್ಚ್ 20 ಆಚರಿಸತೀವಿ, ಡಿಸೆಂಬರ್ 25 ಆಚರಿಸತೀವಿ. ಸರಿ. ಆದರೆ ಈ ಕಥೆಯ ಬೆನ್ನೆಲುಬು ಒಂದು ಪುರಸಭೆಯ ಠರಾವು ಪುಸ್ತಕ ಮತ್ತು ಒಂದು ಆಸ್ತಿ ಪ್ರಶ್ನೆ. ಠರಾವು ಮಾಡಿದ ಮಂಡಳಿ ಅದನ್ನ ಜಾರಿ ಮಾಡೂದಿಲ್ಲ, ಒತ್ತಡ ಬಂದರೆ ವಾಪಸ್ ತೆಗೀತೈತಿ, ಅದಕ್ಕ ಬೆನ್ನು ಹತ್ತಬೇಕು. ನಾನು ಕಚೇರಿಯಾಗ ಕ್ಲರ್ಕ್. ಠರಾವಿಗೂ ಕೆಲಸಕ್ಕೂ ನಡುವೆ ಎಷ್ಟು ಅಂತರ ಇರತೈತಿ ಅನ್ನೋದು ದಿನಾ ನೋಡೋದೇ. ಬಾಬಾಸಾಹೇಬರು ಆ ಅಂತರದೊಳಗ ಕಾಲಿಟ್ಟು ನಿಂತರು.

ಒಂದು ಮತದಿಂದ ಸೋತ ರಸ್ತೆ

ಕೆರೆಯ ಕಥೆ ಎಲ್ಲರಿಗೂ ಗೊತ್ತು. ರಸ್ತೆಯ ಕಥೆ ಅಷ್ಟು ಗೊತ್ತಿಲ್ಲ. ತಿರುವಾಂಕೂರಿನಾಗ ಅಯ್ಯಂಕಾಳಿ ಅನ್ನೋ ಪುಲಯರ ಮುಖಂಡ 1893ರಲ್ಲಿ ಒಂದು ಎತ್ತಿನ ಬಂಡಿ ತಗೊಂಡು, ಒಳ್ಳೆ ಅರಿವೆ ಹಾಕ್ಕೊಂಡು, ಸಾರ್ವಜನಿಕ ರಸ್ತೆ ಮೇಲೆ ಸವಾರಿ ಹೋದರು. ದಲಿತರು ಬಂಡಿ ಏರಿ ಆ ರಸ್ತೆಯಾಗ ಹೋಗಬಾರದಿತ್ತು. ಹೋದರು. ಬಡಿದಾಟ ಆಯಿತು, ಆದರೂ ಹೋದರು.

1924ರ ಮಾರ್ಚ್ 30ರಂದು ಅದೇ ಸಂಸ್ಥಾನದ ವೈಕಂನಲ್ಲಿ ಸತ್ಯಾಗ್ರಹ ಶುರುವಾಯಿತು. ಬಾಳ ಮಂದಿ ಅದನ್ನ ದೇವಸ್ಥಾನ ಪ್ರವೇಶದ ಸತ್ಯಾಗ್ರಹ ಅಂತ ತಿಳದಾರ. ಅಲ್ಲ. ಗುಡಿಯ ಸುತ್ತಲಿನ ರಸ್ತೆಯೊಳಗ ನಡೆಯೋ ಹಕ್ಕಿನ ಸತ್ಯಾಗ್ರಹ ಅದು. ನಾಯಿ, ದನ ಹೋಗೋ ರಸ್ತೆಯಾಗ ಈಳವರು, ಪುಲಯರು ಹೋಗಬಾರದಿತ್ತು. ಪೆರಿಯಾರ್ ಅಲ್ಲಿ ಬಂದು ಜೈಲಿಗೆ ಹೋದರು. ನಾರಾಯಣ ಗುರುಗಳು ಬೆಂಬಲ ಕೊಟ್ಟರು. 1925ರ ಫೆಬ್ರುವರಿಯಲ್ಲಿ ರಸ್ತೆ ತೆರೆಯೋ ಠರಾವು ತಿರುವಾಂಕೂರಿನ ವಿಧಾನ ಪರಿಷತ್ತಿನ ಮುಂದೆ ಬಂತು. ಪರ 21, ವಿರೋಧ 22. ಒಂದು ಮತದಿಂದ ರಸ್ತೆ ಸೋತಿತು. ಆ ವರ್ಷದ ಕೊನೆಗೆ ಒಪ್ಪಂದ ಆಗಿ ಮೂರು ಬದಿಯ ರಸ್ತೆ ತೆರೆದವು, ಪೂರ್ವದ ಬದಿ ಬಂದೇ ಉಳಿಯಿತು.

ಮಂಡಳಿಯಾಗ ಒಂದು ಖುರ್ಚಿ ಅಂದರೆ ಏನು ಅಂತ ಕೇಳೋರಿಗೆ ಈ 22-21 ತೋರಿಸ್ರಿ.

ಈ ಮತ ಬಿದ್ದು ಎರಡು ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ನಮ್ಮ ನಿಪ್ಪಾಣಿಯೊಳಗ ಮುಂಬೈ ಪ್ರಾಂತದ ಬಹಿಷ್ಕೃತ ಪರಿಷತ್ತು ನಡೆಯಿತು. ಅಧ್ಯಕ್ಷರು ಡಾ. ಬಾಬಾಸಾಹೇಬ ಅಂಬೇಡ್ಕರ್. ಅದಕ್ಕೂ ಐದು ವರ್ಷ ಮೊದಲು, 1920ರ ಮಾರ್ಚಿನಲ್ಲಿ, ಕಾಗಲ್ ಜಹಗೀರಿನ ಮಾಣಗಾಂವದಲ್ಲಿ ಶಾಹೂ ಮಹಾರಾಜರು ಇವರೇ ನಿಮ್ಮ ನಾಯಕರು ಅಂತ ಬಾಬಾಸಾಹೇಬರನ್ನ ಮಂದಿ ಮುಂದೆ ನಿಲ್ಲಿಸಿದ್ದರು. ಅಕ್ಕೋಳದಿಂದ ನಿಪ್ಪಾಣಿ ಸೈಕಲ್ ತುಳಿಯೋ ಅಷ್ಟು ದೂರ. ಚಳವಳಿ ಮುಂಬೈಯಿಂದ, ಬೆಂಗಳೂರಿನಿಂದ ನಮ್ಮ ಕಡೆ ಬಂದದ್ದು ಅಂತ ತಿಳದವರು ಇದನ್ನ ನೆನಪಿನಾಗ ಇಡ್ರಿ. ಮಹಾಡಕ್ಕಿಂತ ಎರಡು ವರ್ಷ ಮೊದಲು ಅದು ನಿಪ್ಪಾಣಿಗೆ ಬಂದಿತ್ತು.

ಚಾಳೀಸಗಾಂವದ ಮೋರಿ

ಇನ್ನೊಂದು ಘಟನೆ ಹೇಳಲೇಬೇಕು, ಯಾಕಂದ್ರ ಅದು ನೇರವಾಗಿ ರಸ್ತೆ ಮತ್ತು ಸಂಚಾರದ ಮಾತು. ಅಸ್ಪೃಶ್ಯರ ಕುಂದುಕೊರತೆ ನೋಡೋಕೆ ಮುಂಬೈ ಸರ್ಕಾರ ಸ್ಟಾರ್ಟ್ ಸಮಿತಿ ಮಾಡಿತ್ತು, ಬಾಬಾಸಾಹೇಬರು ಅದರ ಸದಸ್ಯರು. 1929ರಲ್ಲಿ ಪ್ರವಾಸ ಮಾಡ್ತಾ ಖಾನದೇಶದ ಚಾಳೀಸಗಾಂವಕ್ಕ ಹೋದರು. ಸ್ಟೇಶನ್ನಿನಿಂದ ಮಹಾರವಾಡಾಕ್ಕ ಹೋಗಬೇಕು. ಟಾಂಗಾ ಇತ್ತು, ರಸ್ತೆ ಇತ್ತು. ಆದರೆ ಅಸ್ಪೃಶ್ಯನನ್ನ ಕೂಡಿಸಿಕೊಂಡು ಟಾಂಗಾ ಹೊಡೆಯೋಕೆ ಟಾಂಗಾದವರು ಒಪ್ಪಲಿಲ್ಲ. ಬಂದ ಅತಿಥಿಯನ್ನ ನಡೆಸಿಕೊಂಡು ಹೋಗಬಾರದಂತ ಕೇರಿಯವರು ಟಾಂಗಾ ಬಾಡಿಗಿಗೆ ತಗೊಂಡು ತಮ್ಮೊಳಗಿನ ಒಬ್ಬನ ಕೈಯಾಗ ಲಗಾಮು ಕೊಟ್ಟರು. ಅವನಿಗೆ ಟಾಂಗಾ ಹೊಡೆದು ರೂಢಿ ಇಲ್ಲ.

ನದಿಗೆ ಅಡ್ಡ ಒಂದು ಮೋರಿ. ಅದಕ್ಕ ಸೇತುವೆಗೆ ಇರೋ ಹಂಗ ತಡೆಗೋಡೆ ಇಲ್ಲ. ಅಲ್ಲಲ್ಲಿ ಒಂದೊಂದು ಕಲ್ಲು ನಿಲ್ಲಿಸಿದ್ದರು ಅಷ್ಟೇ. ರಸ್ತೆಯಿಂದ ಮೋರಿಗೆ ಒಮ್ಮೆಲೇ ಅಡ್ಡ ತಿರುವು. ಕುದುರೆ ಬೆದರಿತು, ಗಾಲಿ ಬದಿಗಲ್ಲಿಗೆ ಬಡಿಯಿತು, ಬಾಬಾಸಾಹೇಬರು ಮೋರಿಯ ಕಲ್ಲಿನ ಮೇಲೆ ಬಿದ್ದರು, ಕುದುರೆ-ಟಾಂಗಾ ನದಿಗೆ ಬಿದ್ದವು. ಕಾಲು ಮುರಿಯಿತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರು ಇದನ್ನ ತಾವೇ ಬರೆದಿದ್ದಾರೆ.

ಎರಡು ವಿಷಯ ಇಲ್ಲಿ ಕೂಡ್ಯಾವ. ಒಂದು ಜಾತಿ: ವಿದೇಶದಾಗ ಓದಿ ಬಂದ ಬ್ಯಾರಿಸ್ಟರಿಗೂ ಟಾಂಗಾ ಸಿಗಲಿಲ್ಲ. ಇನ್ನೊಂದು ತಡೆಗೋಡೆ ಇಲ್ಲದ ಮೋರಿ ಮತ್ತು ಅಡ್ಡ ತಿರುವು. ಜಾತಿ ಅವರನ್ನ ರೂಢಿ ಇಲ್ಲದವನ ಟಾಂಗಾದಾಗ ಕೂಡಿಸಿತು, ಕೆಟ್ಟ ಮೋರಿ ಅವರ ಕಾಲು ಮುರಿಯಿತು. ಇವತ್ತಿಗೂ ನಮ್ಮ ಕೇರಿಯ ಅಪಘಾತಗಳೊಳಗ ಈ ಎರಡೂ ಕೂಡೇ ಬರತಾವ. ಪೊಲೀಸ್ ಪಂಚನಾಮೆಯಾಗ ಒಂದನ್ನೂ ಬರೆಯೂದಿಲ್ಲ.

ಸಂವಿಧಾನದೊಳಗ 'ರಸ್ತೆ' ಅನ್ನೋ ಶಬ್ದ

ತಮ್ಮ ಹೇಳಿದ, ಸಂವಿಧಾನದ ಬಗ್ಗೆ ಮಾತಾಡೋಣು ಅಂತ. ಮಾತಾಡೋಣ. ಅನುಚ್ಛೇದ 15(2) ತೆಗೆದು ಓದ್ರಿ. ಪೂರ್ತಿಯಾಗಲಿ ಭಾಗಶಃ ಆಗಲಿ ಸರ್ಕಾರದ ರೊಕ್ಕದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕ ಜಾಗಗಳ ಬಳಕೆಗೆ ಜಾತಿ, ಧರ್ಮ, ಲಿಂಗದ ಕಾರಣಕ್ಕ ಯಾರಿಗೂ ಅಡ್ಡಿ ಮಾಡುವಂತಿಲ್ಲ ಅಂತ ಅದರಾಗ ಐತಿ. ಬೋಲೆ ಠರಾವಿನ ತರ್ಕ, ಚವದಾರ ಕೆರೆಯ ಹೋರಾಟ, ವೈಕಂ ರಸ್ತೆಯ ನೆನಪು ಎಲ್ಲಾ ಆ ಒಂದು ವಾಕ್ಯದಾಗ ಕೂಡಿ ನಿಂತಾವ. ಮುಂದೆ 1989ರ ದೌರ್ಜನ್ಯ ತಡೆ ಕಾಯ್ದೆ ಬಂತು, ರೂಢಿಯ ದಾರಿ ತಡೆಯೋದು ಅಪರಾಧ ಆಯಿತು. 2016ರಿಂದ ಜಾರಿ ಆದ ತಿದ್ದುಪಡಿಯೊಳಗ ಸಾರ್ವಜನಿಕ ಜಾಗದಾಗ ಸೈಕಲ್, ಮೋಟರ್ ಸೈಕಲ್ ಹತ್ತೋದನ್ನ, ಚಪ್ಪಲಿ ಮೆಟ್ಟೋದನ್ನ, ಮದುವೆ ಮೆರವಣಿಗೆ ತೆಗೆಯೋದನ್ನ ತಡೆಯೋದೂ ಅಪರಾಧ. ದೇಶ ಚಂದ್ರನ ಮೇಲೆ ಕಾಲಿಡೋ ಕಾಲಕ್ಕ ಇಂಥ ಮಾತು ಕಾಯ್ದೆಯಾಗ ಬರೆಯಬೇಕಾಯಿತು ಅಂದರೆ ರಸ್ತೆ ಇನ್ನೂ ಯಾರ ಕೈಯಾಗ ಐತಿ ಅಂತ ತಿಳಕೊಳ್ರಿ.

ಊರಿನ ಮಂಡಳಿಯ ಮೇಲೆ ಬಾಬಾಸಾಹೇಬರಿಗೆ ಕಣ್ಣುಮುಚ್ಚಿದ ನಂಬಿಕೆ ಇರಲಿಲ್ಲ. 1932ರಲ್ಲಿ ಮುಂಬೈ ಪರಿಷತ್ತಿನಲ್ಲಿ ಗ್ರಾಮ ಪಂಚಾಯಿತಿ ಮಸೂದೆ ಬಂದಾಗ, ಮೀಸಲು ಸ್ಥಾನ ಇಲ್ಲದೆ ಊರಿನ ಅಧಿಕಾರ ಊರಿಗೆ ಕೊಟ್ಟರೆ ಅದು ಮೇಲ್ಜಾತಿಯ ಕೈಗೆ ಕೊಟ್ಟ ಹಂಗ ಅಂತ ವಿರೋಧ ಮಾಡಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೂ ಹಳ್ಳಿಯನ್ನ ಹೊಗಳೋರಿಗೆ ಅವರು ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು.

ಮೀಸಲು ಸ್ಥಾನ ಬಂತು. 1957ರಲ್ಲಿ ಇದೇ ಚಿಕ್ಕೋಡಿ ಲೋಕಸಭಾ ಕ್ಷೇತ್ರದಿಂದ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ನಿನ ದತ್ತಾ ಅಪ್ಪಾ ಕಟ್ಟಿಯವರು ಗೆದ್ದು ದಿಲ್ಲಿಗೆ ಹೋದರು. 1967ರಿಂದ 2009ರ ಚುನಾವಣೆಯ ತನಕ ಚಿಕ್ಕೋಡಿ ಮೀಸಲು ಕ್ಷೇತ್ರವಾಗಿತ್ತು. ಊರ ಮಟ್ಟದಾಗ 1983ರ ಜಿಲ್ಲಾ ಪರಿಷತ್ ಕಾಯ್ದೆ, 1987ರ ಚುನಾವಣೆ, ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಮತ್ತು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂದವು. ಇವತ್ತು ನಮ್ಮ ಅಕ್ಕ-ತಂಗಿಯರು ಪಂಚಾಯಿತಿ ಖುರ್ಚಿ ಮೇಲೆ ಅದಾರ. 1884ರ ಬೋರ್ಡಿನಾಗ ಇಲ್ಲದ ಜಾಗ ಇವತ್ತು ಐತಿ. ಆದರೆ ಆ ಖುರ್ಚಿಯ ಮುಂದೆ ಇರೋ ಫೈಲು ಓದೋರು ಯಾರು?

ಎಸ್ಟಿಮೇಟ್ ಎಲ್ಲಿಗೆ ನಿಲ್ಲತೈತಿ

ಈಗ ಯಾರೂ ಹಲಗೆ ಹಾಕಿ ದಲಿತರು ಈ ರಸ್ತೆಯಾಗ ಬರಬಾರದು ಅಂತ ಬರೆಯೂದಿಲ್ಲ. ಈಗ ಆ ಕೆಲಸ ಎಸ್ಟಿಮೇಟ್ ಮಾಡತೈತಿ. "ಅಗಸಿಯಿಂದ ಇಂಥವರ ಮನೆಯ ವರೆಗೆ ಕಾಂಕ್ರೀಟ್ ರಸ್ತೆ." ಆ ಇಂಥವರ ಮನೆ ಯಾವಾಗಲೂ ಕೇರಿಯ ಮುಂಚಿನ ಮನೆ. ನಮ್ಮ ಭಾಗದ ಒಂದು ಊರಿನಾಗ (ಹೆಸರು ಬ್ಯಾಡ) ಊರ ನಡುವಿನ ಓಣಿಗೆ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಬಿದ್ದು ಮನೆಯ ಹೊಸ್ತಿಲಿಗಿಂತ ರಸ್ತೆ ಎತ್ತರ ಆಗೈತಿ. ಅದೇ ಓಣಿಯ ಗಟಾರ ಕೇರಿಯ ಬಾಯಿಗೆ ಬಂದು ಖುಲ್ಲಾ ಬಿಟ್ಟಾರ. ಊರಿನ ನೀರು ಕೇರಿಯಾಗ ನಿಲ್ಲತೈತಿ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನ ಆಂಬುಲೆನ್ಸ್ ತನಕ ಹೊತ್ತುಕೊಂಡು ಬರಬೇಕು. ಇದಕ್ಕ ಯಾರ ಮೇಲೂ ದೌರ್ಜನ್ಯದ ಕೇಸು ಹಾಕೋಕೆ ಬರೂದಿಲ್ಲ, ಯಾಕಂದ್ರ ಯಾರೂ ಏನೂ ಅಂದಿಲ್ಲ. ರಸ್ತೆ ನಿಂತೈತಿ ಅಷ್ಟೇ.

ಮೇಲಿನ ಯೋಜನೆಗಳ ಲೆಕ್ಕದಾಗೂ ಇದೇ ಆಗತೈತಿ. 2000ನೇ ಇಸವಿಯಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ನಿಯಮದಾಗ, ಎಲ್ಲಾ ಹವೆಗೂ ನಡೆಯೋ ರಸ್ತೆಯಿಂದ 500 ಮೀಟರ್ ಅಥವಾ ಅದಕ್ಕಿಂತ ದೂರ ಇರೋ ಜನವಸತಿಗೆ ಮಾತ್ರ ರಸ್ತೆ ಇಲ್ಲ ಅಂತ ಅರ್ಥ. ಕೇರಿ ಊರಿನಿಂದ 300 ಮೀಟರ್ ಆಚೆ ಇದ್ದರೆ? ಅದಕ್ಕ ರಸ್ತೆ ಐತಿ ಅಂತ ಲೆಕ್ಕ. ಊರ ಹೊರಗ ನಮ್ಮನ್ನ ಇಟ್ಟದ್ದು ಜಾತಿ, ಆದರೆ ಇಟ್ಟ ದೂರ ಯೋಜನೆಯ ಲೆಕ್ಕಕ್ಕ ಸಾಲಲಿಲ್ಲ.

ರೊಕ್ಕದ ಮಾತು ಇನ್ನೂ ದೊಡ್ಡದು. 2013ರಲ್ಲಿ ಕರ್ನಾಟಕ ಪ.ಜಾತಿ ಉಪಯೋಜನೆ, ಗಿರಿಜನ ಉಪಯೋಜನೆ ಕಾಯ್ದೆ ಮಾಡಿತು. ಜನಸಂಖ್ಯೆಗೆ ತಕ್ಕಂತೆ, ಅಂದರೆ 17.15 ಮತ್ತು 6.95, ಒಟ್ಟು ಶೇ 24.10 ರೊಕ್ಕ ನಮ್ಮ ಮಂದಿಗೆ. ಒಳ್ಳೆ ಕಾಯ್ದೆ. ಆದರೆ ಅದರ 7(ಡಿ) ಕಲಂ ಪ್ರಕಾರ ದೊಡ್ಡ ಮೂಲಸೌಕರ್ಯ ಕಾಮಗಾರಿಯ ವೆಚ್ಚದ ಒಂದು ಪಾಲನ್ನ ದಲಿತರಿಗೇ ಖರ್ಚಾತು ಅಂತ ತೋರಿಸಬಹುದಿತ್ತು. ಹೆದ್ದಾರಿ ಮೇಲೆ ದಲಿತರೂ ಹೋಗತಾರಲ್ಲ ಅನ್ನೋ ವಾದ! ಈ ಕಲಂ ತೆಗೆಸೋಕೆ ದಲಿತ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದವು, 2023ರಲ್ಲಿ ಅದು ಹೋಯಿತು. ರಸ್ತೆ ಲೆಕ್ಕ ಓದೋದು ಚಳವಳಿ ಅಲ್ಲ ಅನ್ನೋರು ಈ ಗೆಲುವನ್ನ ಎಲ್ಲಿ ಇಡತೀರಿ?

ಟ್ರಾಫಿಕ್ ಯಾರ ಸಲುವಾಗಿ

ಸಂಚಾರ ನಿಯಂತ್ರಣ ಅಂದರೆ ಸಿಗ್ನಲ್ ದೀಪ ಅಂತ ತಿಳಿಬ್ಯಾಡ್ರಿ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕಬ್ಬಿನ ಸೀಸನ್ ಬಂತಂದರೆ ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ರಾತ್ರಿ ಕೆಲಸ ಮುಗಿಸಿ ಬೈಕ್ ಮೇಲೆ, ಸೈಕಲ್ ಮೇಲೆ ಬರೋರು ಯಾರು? ಕೂಲಿಯವರು, ಬೀಡಿ ಕಾರ್ಖಾನೆಯವರು, ಅಂಗಡಿಯಾಗ ದುಡಿಯೋ ಹುಡುಗರು. ಕೇರಿ ಎದುರಿನ ರಸ್ತೆಗೆ ಹಂಪ್ ಬೇಕು, ದೀಪದ ಕಂಬ ಬೇಕು, ಮಕ್ಕಳು ದಾಟೋ ಕಡೆ ಫಲಕ ಬೇಕು ಅಂತ ಠರಾವು ಮಾಡಿ ಮೇಲೆ ಕಳಿಸೋದು ಪಂಚಾಯಿತಿಯ ಕೆಲಸ. ಕೇಳೋರಿಲ್ಲದಿದ್ದರೆ ಮಾಡೂದಿಲ್ಲ.

ಮಳೆಗಾಲದಾಗ ಇನ್ನೊಂದು ಪರೀಕ್ಷೆ. ವೇದಗಂಗಾ ಏರಿತಂದರೆ ನಮ್ಮ ಅಕ್ಕೋಳ-ಸಿದ್ನಾಳ ಸೇತುವೆ ಮುಳುಗತೈತಿ, ಜತ್ರಾಟ-ಭೀವಶಿ, ಭೋಜವಾಡಿ-ಕುನ್ನೂರ ಕಡೆಯೂ ಹಂಗ. 2019 ಮತ್ತು 2021ರಲ್ಲಿ ಯಮಗರ್ಣಿ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯೇ ಬಂದಾಯಿತು. ಹೆದ್ದಾರಿ ಬಂದಾದರೆ ಟಿವಿಯವರು ಬರತಾರ. ಹಳ್ಳಿ ಸೇತುವೆ ಬಂದಾದರೆ ದಿನಗೂಲಿ ಬಂದಾಗತೈತಿ, ಅದು ಸುದ್ದಿ ಆಗೂದಿಲ್ಲ. ಬ್ಯಾರಿಕೇಡ್ ಯಾವಾಗ ಹಾಕಿದರು, ಬದಲಿ ದಾರಿ ಯಾವುದು, ನೀರು ಇಳಿದ ಮೇಲೆ ಸೇತುವೆ ತಪಾಸಣೆ ಆಯಿತೋ ಇಲ್ಲವೋ ಅಂತ ಗ್ರಾಮಸಭೆಯಾಗ ಕೇಳೋಕೆ ನಮಗೆ ಹಕ್ಕೈತಿ.

ಇನ್ನು ಏಪ್ರಿಲ್ 14. ಜಯಂತಿ ಮೆರವಣಿಗೆಗೆ ಅನುಮತಿ ಕೇಳಿದರೆ "ಮುಖ್ಯ ಬೀದಿಯಾಗ ಟ್ರಾಫಿಕ್ ಆಗತೈತಿ, ಹಿಂದಿನ ರಸ್ತೆಯಿಂದ ಹೋಗ್ರಿ" ಅನ್ನೋ ಮಾತು ನಮ್ಮ ಮಂದಿ ಎಷ್ಟೋ ಊರಾಗ ಕೇಳ್ಯಾರ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಕಲಂ ಸಂಚಾರ, ಮೆರವಣಿಗೆ ನಿಯಂತ್ರಿಸೋ ಅಧಿಕಾರ ಕೊಟ್ಟೈತಿ, ನಿಜ. ಆದರೆ ಹಿಮ್ಮತ್ ಲಾಲ್ ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟು ಹೇಳೈತಿ: ಸಾರ್ವಜನಿಕ ಬೀದಿಯಾಗ ಸೇರೋದನ್ನ ನಿಯಂತ್ರಿಸಬಹುದು, ಮನಸ್ಸಿಗೆ ಬಂದಂಗ ಪೂರ್ತಿ ನಿರಾಕರಿಸುವಂತಿಲ್ಲ. ಉಳಿದ ಎಲ್ಲಾ ಜಾತ್ರೆ, ಮೆರವಣಿಗೆ ಹೋಗೋ ಬೀದಿಯಾಗ ನೀಲಿ ಧ್ವಜ ಬಂದಾಗ ಮಾತ್ರ ಟ್ರಾಫಿಕ್ ಆಗತೈತಿ ಅಂದರೆ ಅದು ಟ್ರಾಫಿಕ್ ಅಲ್ಲ. ಅದು ವೈಕಂ.

ಹಂಗಾದ್ರ ಏನ ಮಾಡೋದು

1. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಲೇಬೇಕು. ಹೋಗ್ರಿ. ಹೆಣ್ಣುಮಕ್ಕಳನ್ನ ಕರಕೊಂಡು ಹೋಗ್ರಿ. ಹೇಳಿದ್ದು ನಡಾವಳಿ ಪುಸ್ತಕದಾಗ ಬರೆಯೋ ತನಕ ಏಳಬ್ಯಾಡ್ರಿ. ಬಾಯಿಮಾತಿನ ಭರವಸೆಗೆ ಕಚೇರಿಯಾಗ ಯಾವ ಬೆಲೆನೂ ಇಲ್ಲ, ಕ್ಲರ್ಕ್ ಆಗಿ ಹೇಳತೀನಿ.

2. ಪಂಚಾಯಿತಿಯಾಗ ಸಾಮಾಜಿಕ ನ್ಯಾಯ ಸಮಿತಿಯಂಥ ಸ್ಥಾಯಿ ಸಮಿತಿ ಅದಾವ. ನಮ್ಮ ಮೆಂಬರ್ ಯಾವ ಸಮಿತಿಯಾಗ ಅದಾರ, ಸಮಿತಿ ಸೇರಿದ್ದು ಯಾವಾಗ ಅಂತ ಕೇಳ್ರಿ.

3. ರಸ್ತೆ ರಿಜಿಸ್ಟರ್ ಮತ್ತು ನಕಾಶೆ ನೋಡ್ರಿ. ಕೇರಿಯ ದಾರಿ, ಸ್ಮಶಾನದ ದಾರಿ ಅದರಾಗ ಐತೋ ಇಲ್ಲೋ? ನೂರು ವರ್ಷದಿಂದ ನಡೆದ ದಾರಿ ಕಾಗದದಾಗ ಇಲ್ಲದಿದ್ದರೆ ಅದಕ್ಕ ಒಂದು ಬುಟ್ಟಿ ಮುರುಮ್ ಕೂಡ ಬೀಳೂದಿಲ್ಲ.

4. ಮಾಹಿತಿ ಹಕ್ಕು ಅರ್ಜಿ ಹಾಕ್ರಿ. 10 ರೂಪಾಯಿ ಶುಲ್ಕ, ಬಿಪಿಎಲ್ ಇದ್ದವರಿಗೆ ಅದೂ ಇಲ್ಲ. 150 ಶಬ್ದದೊಳಗ, ಒಂದು ಅರ್ಜಿಗೆ ಒಂದೇ ವಿಷಯ. ಎಸ್ಟಿಮೇಟ್, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೇಳ್ರಿ. 2005ರ ಆ ಕಾಯ್ದೆಯೊಳಗ ಕಾಮಗಾರಿ ಪರಿಶೀಲನೆ ಮಾಡೋ ಹಕ್ಕು, ಸಾಮಗ್ರಿಯ ದೃಢೀಕೃತ ಮಾದರಿ ತಗೊಳ್ಳೋ ಹಕ್ಕು ಎರಡೂ ಅದಾವ. ರಸ್ತೆಯ ಒಂದು ತುಂಡು ಕೇಳೋ ಹಕ್ಕು!

5. ಗ್ರಾಮ ಸಡಕ್ ರಸ್ತೆಯ ಬದಿಗೆ ಫಲಕ ಇರತೈತಿ. ಐದು ವರ್ಷ ದುರಸ್ತಿ ಗುತ್ತಿಗೆದಾರನ ಮೇಲೇ ಇರತೈತಿ. ತಾರೀಖು ಓದ್ರಿ, ಫೋಟೋ ತಗೀರಿ, ಅವಧಿ ಮುಗಿಯೋ ಮೊದಲೇ ಬರೆದು ಕೊಡ್ರಿ.

6. "ಅನುದಾನ ಇಲ್ಲ" ಅಂದರೆ ರತ್ಲಾಂ ಹೆಸರು ಹೇಳ್ರಿ. 1980ರಲ್ಲಿ ಮಧ್ಯಪ್ರದೇಶದ ರತ್ಲಾಂ ನಗರಸಭೆ ರೊಕ್ಕ ಇಲ್ಲ, ಗಟಾರ ಮಾಡೋಕೆ ಆಗೂದಿಲ್ಲ ಅಂದಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನೆಪ ಒಪ್ಪಲಿಲ್ಲ. ರೊಕ್ಕದ ಕೊರತೆ ಹೇಳಿ ಮಂಡಳಿ ತನ್ನ ಮೂಲ ಕರ್ತವ್ಯದಿಂದ ಜಾರಿಕೊಳ್ಳುವಂತಿಲ್ಲ ಅಂತ ತೀರ್ಪಾಯಿತು. ಆ ಕೇಸು ಹಾಕಿದವರು ದೊಡ್ಡ ಮಂದಿ ಅಲ್ಲ, ನಾರೋ ಓಣಿಯಾಗ ಇದ್ದ ಸಾದಾ ನಿವಾಸಿಗಳು. ಸಿಆರ್‌ಪಿಸಿ 133ನೇ ಕಲಂ ಕೆಳಗ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಆ ಕಲಂ ಈಗ ಬಿಎನ್‌ಎಸ್‌ಎಸ್ 152.

ಕೆಲವರು ಕೇಳಬಹುದು, ಭೂಮಿ, ಶಿಕ್ಷಣ, ನೌಕರಿ ಬಿಟ್ಟು ರಸ್ತೆ ಯಾಕ ಅಂತ. ಬಿಡ್ರಿ ಅಂತ ಯಾರೂ ಹೇಳಿಲ್ಲ. ಆದರೆ ಶಾಲೆಗೆ ಹೋಗೋದು ರಸ್ತೆಯಿಂದಲೇ, ದವಾಖಾನೆಗೆ ಹೋಗೋದು ರಸ್ತೆಯಿಂದಲೇ, ಕೊನೆಗೆ ಸ್ಮಶಾನಕ್ಕ ಹೋಗೋದೂ ರಸ್ತೆಯಿಂದಲೇ. ಹಾದಿ ಕಾಯೋ ಚಾಕರಿ ನಮ್ಮ ಹಿರಿಯರಿಂದ ಬಿಟ್ಟಿಯಾಗಿ ಮಾಡಿಸಿಕೊಂಡರು. ಈಗ ನಾವು ಹಾದಿ ಕಾಯೋಣ, ಯಾರ ಆಳಾಗಿ ಅಲ್ಲ, ಒಡೆಯರಾಗಿ, ಕೈಯಾಗ ಅಳತೆ ಪುಸ್ತಕದ ನಕಲು ಹಿಡಕೊಂಡು.

ನಿಮ್ಮ ಊರಿನ ಕೇರಿ ರಸ್ತೆ ಎಲ್ಲಿಗೆ ನಿಂತೈತಿ, ಎಸ್ಟಿಮೇಟಿನಾಗ ಏನ ಬರೆದಾರ ಅಂತ ಕಮೆಂಟಿನಾಗ ಬರೀರಿ. ಅರ್ಜಿ ಬರೆಯೋಕೆ ಬರದವರು ಇದ್ದರೆ ಆಯಿತವಾರ ಸಮಾಜ ಮಂದಿರಕ್ಕ ಬರ್ರಿ, ಕುಂತು ಬರೆಯೋಣ. ಒಬ್ಬರಿಗೊಬ್ಬರು ಕಳಿಸ್ರಿ.

ಜೈ ಭೀಮ್. ಜೈ ಸಂವಿಧಾನ.